ವಸಡಿನ ರಕ್ತ ಕೊಡುವ ಎಚ್ಚರಿಕೆ

(ಕೋಣನಕುಂಟೆಯಲ್ಲಿ ಕಾರ್ಖಾನೆ ಕೆಲಸಗಾರರೂ ಚಿಲ್ಲರೆ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಇದನ್ನು ವಿಧಿಯ ಆಟವೆಂದು ಕೇಳಿ ನಕ್ಕು ಸುಮ್ಮನಾಗುವುದು ವಾಡಿಕೆ. ಸ್ವಲ್ಪ ಯೋಚಿಸಿ ನೋಡಿ. ಕಡಲೆಯ ಪ್ರಶ್ನೆ ಕೂಲಿಯ ಪ್ರಶ್ನೆ, ಬೆಲೆಯ ಪ್ರಶ್ನೆ. ಅದನ್ನು ನಾವು ಪ್ರತಿ ಸಭೆಯಲ್ಲಿಯೂ ಎತ್ತುತ್ತ ಬಂದಿದ್ದೇವೆ. ಇಂದು ಗಾದೆಯ ಇನ್ನೊಂದು ಅರ್ಧವನ್ನು, ಹಲ್ಲಿನ ಪ್ರಶ್ನೆಯನ್ನು, ಎತ್ತಿಕೊಳ್ಳುತ್ತೇವೆ.

ರಾಜಕೀಯದ ಸಭೆಯಲ್ಲಿ ಹಲ್ಲು, ವಸಡು ಎಂಬ ಮಾತೇಕೆ ಎಂದು ಕೇಳುವವರಿರಬಹುದು. ಉತ್ತರ ಸುಲಭ. ದುಡಿಯುವವನ ಬಂಡವಾಳ ಅವನ ಶರೀರ. ಯಂತ್ರ ಕೆಟ್ಟರೆ ಮಾಲೀಕ ರಿಪೇರಿ ಮಾಡಿಸುತ್ತಾನೆ, ದುಡಿಯುವವನ ಹಲ್ಲು ಕೆಟ್ಟರೆ ಅವನೇ ಕೀಳಿಸಿಕೊಳ್ಳಬೇಕು, ಆ ದಿನದ ಕೂಲಿಯನ್ನೂ ಕಳೆದುಕೊಳ್ಳಬೇಕು. ಮುದ್ದೆ ನುಂಗುವುದಕ್ಕೆ ಹಲ್ಲೇಕೆ ಎಂದು ತಮಾಷೆ ಮಾಡುವವರೂ ಉಂಟು. ಮುದ್ದೆಯೇನೋ ಇಳಿಯುತ್ತದೆ, ಅದರ ಜೊತೆಗಿನ ಹುರುಳಿ, ಅವರೆಕಾಳು, ಸೊಪ್ಪು, ಮಾಂಸ ಅಗಿಯದೆ ಇಳಿಯುವುದೆ? ಹಲ್ಲು ಹೋದವನ ತಟ್ಟೆಯಿಂದ ಮೊದಲು ಮಾಯವಾಗುವುದು ಶಕ್ತಿ ಕೊಡುವ ಪದಾರ್ಥಗಳೇ.

ಇನ್ನೊಂದು ಕಾರಣವೂ ಇದೆ. ಹಲ್ಲು ನೋವಾದರೆ ಮನುಷ್ಯ ರಾತ್ರಿಯೆಲ್ಲ ಒದ್ದಾಡಿ ಬೆಳಗಾದರೆ ಡಾಕ್ಟರ ಬಾಗಿಲಿಗೆ ಓಡುತ್ತಾನೆ. ವಸಡಿನ ಕಾಯಿಲೆ ಸಾಮಾನ್ಯವಾಗಿ ನೋಯುವುದಿಲ್ಲ. ಸದ್ದಿಲ್ಲದೆ ಬಂದು, ಬುಡವನ್ನು ಸಡಿಲ ಮಾಡಿ, ಹುಳುಕಿಲ್ಲದ ಗಟ್ಟಿ ಹಲ್ಲನ್ನೇ ಕೈಗೆ ಕೊಟ್ಟು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಪ್ರಪಂಚದಲ್ಲಿ ನೂರು ಕೋಟಿಗೂ ಹೆಚ್ಚು ಜನ ತೀವ್ರವಾದ ವಸಡಿನ ರೋಗದಿಂದ ನರಳುತ್ತಿದ್ದಾರೆ. ಇವರ ಪೈಕಿ ಬಹುಮಂದಿಗೆ ರೋಗದ ಮೊದಲ ಗುರುತು ಕಂಡಿರಲೇಬೇಕು. ಬಚ್ಚಲಲ್ಲಿ ಉಗುಳಿದಾಗ ಕಾಣುವ ಕೆಂಪು ಗೆರೆಯೇ ಆ ಗುರುತು. ಅದನ್ನು ನೋಡಿ, ನೀರು ಹುಯ್ದು, ಕೆಲಸಕ್ಕೆ ಹೊರಟುಬಿಡುತ್ತೇವೆ.

ಪಾಚಿ ಎಂದರೇನು?

ನಾವು ಸೇರಿರುವ ಈ ಊರಿನ ಹೆಸರಿನಲ್ಲೇ ಒಂದು ಕುಂಟೆ ಇದೆ. ನಿಂತ ನೀರಿನ ಕುಂಟೆಗೆ ಇಳಿದವರಿಗೆಲ್ಲ ಗೊತ್ತು, ಅಂಚಿನ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಕೊಡ ನೀರು ಎರಚಿದರೆ ಅದು ಹೋಗುವುದಿಲ್ಲ, ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಮತ್ತೆ ಕಟ್ಟುತ್ತದೆ. ಹಲ್ಲಿನ ಮೇಲೆಯೂ ಇಂಥದೇ ಪಾಚಿ ಕಟ್ಟುತ್ತದೆ. ಇದು ತಿಂದ ಅನ್ನದ ಚೂರಲ್ಲ, ಬದುಕಿರುವ ಸೂಕ್ಷ್ಮಜೀವಿಗಳ ವಸಾಹತು. ಉಜ್ಜಿದ ಕೆಲವೇ ಗಂಟೆಗಳಲ್ಲಿ ಇದು ಮತ್ತೆ ಮೊದಲಾಗುತ್ತದೆ. ಒಂದು ಮಿಲಿಗ್ರಾಂ ಪಾಚಿಯಲ್ಲಿ ಹತ್ತು ಕೋಟಿಗೂ ಮೀರಿದ ಜೀವಿಗಳಿರುತ್ತವೆ. ಬಾಯಿ ಮುಕ್ಕಳಿಸಿದರೆ ಇವು ಹೋಗುವುದಿಲ್ಲ.

ಇವನ್ನು ಮೊದಲು ಕಂಡವನು ದೊಡ್ಡ ವಿದ್ವಾಂಸನಲ್ಲ, ನಮ್ಮ ಪೇಟೆಯವರ ಹಾಗೆ ಒಬ್ಬ ಜವಳಿ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬಾತ ಬಟ್ಟೆಯ ಎಳೆ ಪರೀಕ್ಷಿಸುವ ಕಸುಬಿನವನು. ಕೈಯಾರೆ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡ. 1683ರಲ್ಲಿ ತನ್ನ ಹಲ್ಲಿನ ಸಂದಿಯಿಂದ ಬಿಳಿಯ ಲೋಳೆಯನ್ನು ಕೆರೆದು ಅದರಡಿ ಇಟ್ಟು ನೋಡಿದಾಗ, ಓಡಾಡುವ ಪುಟ್ಟ ಪ್ರಾಣಿಗಳು ಕಂಡುವು. ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ. ದಿನವೂ ಹಲ್ಲುಜ್ಜುತ್ತಿದ್ದ ಅವನ ಬಾಯಲ್ಲೇ ಅಷ್ಟು ಇದ್ದುವು. ಎಂದೂ ಉಜ್ಜದ ಒಬ್ಬ ಮುದುಕನ ಬಾಯಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಈ ಪಾಚಿ ವಸಡಿನ ಅಂಚಿನಲ್ಲಿ ಕೂತು ವಿಷವಸ್ತುಗಳನ್ನು ಬಿಡುತ್ತದೆ. ವಸಡು ಸುಮ್ಮನಿರುವುದಿಲ್ಲ. ಶತ್ರು ಬಾಗಿಲಿಗೆ ಬಂದಾಗ ಊರಿನವರು ಓಡಿ ಬರುವಂತೆ ಆ ಜಾಗಕ್ಕೆ ರಕ್ತ ನುಗ್ಗುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಇದೇ ವಸಡಿನ ಉರಿಯೂತ. ಈ ಹಂತದಲ್ಲಿ ಮೂಳೆಗೆ ಏನೂ ಆಗಿರುವುದಿಲ್ಲ. ಪಾಚಿ ತೆಗೆದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ.

ಇದಕ್ಕೆ ಸಾಕ್ಷಿ ಇದೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಎಂಬ ವೈದ್ಯರೂ ಅವರ ಸಂಗಡಿಗರೂ 1965ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಕೆಲವರಿಗೆ 10 ದಿನಕ್ಕೆ, ಕೆಲವರಿಗೆ 21 ದಿನಕ್ಕೆ, ಅಂತೂ ಹನ್ನೆರಡು ಜನಕ್ಕೂ ವಸಡು ಊದಿತು. ಮತ್ತೆ ಉಜ್ಜಲು ಮೊದಲು ಮಾಡಿದ ಸುಮಾರು ಒಂದು ವಾರದಲ್ಲಿ ಎಲ್ಲರಿಗೂ ವಾಸಿಯಾಯಿತು. ರೋಗ ತಂದದ್ದು ಪಾಚಿ, ವಾಸಿ ಮಾಡಿದ್ದು ಬ್ರಷ್ಷು. ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ.

ಟೀ ತೋಟದ ಕೂಲಿಗಾರರ ಬಾಯಿ

ಬಿಟ್ಟರೆ ಏನಾಗುತ್ತದೆ? ಇದಕ್ಕೂ ಉತ್ತರ ಸಿಕ್ಕಿದೆ, ಅದು ಸಿಕ್ಕಿದ್ದು ದುಡಿಯುವವರ ಬಾಯಿಂದ. ಅದೇ ಲೋ ಅವರ ತಂಡ 1970ರಲ್ಲಿ ಶ್ರೀಲಂಕಾದ ಟೀ ತೋಟಗಳ 480 ಗಂಡಸು ಕೂಲಿಗಾರರ ಹಲ್ಲುಗಳನ್ನು ಪರೀಕ್ಷಿಸಿ, 1985ರವರೆಗೆ ಮತ್ತೆ ಮತ್ತೆ ಹೋಗಿ ನೋಡಿತು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ. ಹಲ್ಲಿನ ವೈದ್ಯದ ಸೌಕರ್ಯವೂ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲರ ವಸಡೂ ಊದಿತ್ತು. ನೂರಕ್ಕೆ 8 ಜನರಲ್ಲಿ ರೋಗ ವೇಗವಾಗಿ ಬುಡ ತಿನ್ನಿತು, 81 ಜನರಲ್ಲಿ ನಿಧಾನವಾಗಿ ಮುಂದುವರಿಯಿತು, 11 ಜನರಲ್ಲಿ ಊತದ ಹಂತದಲ್ಲಿಯೇ ನಿಂತಿತು.

ಇದೇ ಕಾಲದಲ್ಲಿ ನಾರ್ವೆಯ ಓಸ್ಲೋ ನಗರದ ವಿದ್ಯಾರ್ಥಿಗಳನ್ನೂ ವಿದ್ವಾಂಸರನ್ನೂ ಹೀಗೆಯೇ ಪರೀಕ್ಷಿಸಿದರು. ಅವರಿಗೆ ಎಳೆಯ ವಯಸ್ಸಿನಿಂದಲೇ ಹಲ್ಲಿನ ಆರೈಕೆ ದೊರೆತಿತ್ತು. ಟೀ ಕೂಲಿಗಾರರ ಹಲ್ಲಿನ ಬುಡ ಅವರಿಗಿಂತ ಎರಡು ಮೂರು ಪಟ್ಟು ವೇಗವಾಗಿ ಸವೆಯುತ್ತಿತ್ತು. ಮಿತ್ರರೇ, ಈ ಎರಡು ಲೆಕ್ಕಗಳನ್ನು ಪಕ್ಕದಲ್ಲಿಟ್ಟು ನೋಡಿ. ಹಲ್ಲು ಇಬ್ಬರಿಗೂ ಒಂದೇ ಬಗೆಯದು. ಒಬ್ಬನಿಗೆ ಬಾಲ್ಯದಿಂದ ಡಾಕ್ಟರು ಸಿಕ್ಕಿದರು, ಇನ್ನೊಬ್ಬನಿಗೆ ಸಿಕ್ಕಲಿಲ್ಲ. ನಾವು ವರ್ಗಭೇದ ಎಂದಾಗ ಅದು ಪುಸ್ತಕದ ಮಾತೆಂದು ಹೇಳುವವರು ಈ ಲೆಕ್ಕವನ್ನು ನೋಡಬೇಕು.

ಆ 11 ಜನರ ಪೈಕಿ ನಾನೂ ಒಬ್ಬ ಇರಬಹುದಲ್ಲ ಎಂದು ಯಾರೂ ಧೈರ್ಯಪಡಬೇಡಿ. ಯಾರು ಯಾವ ಗುಂಪಿನವರೆಂದು ಮುಂಚೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹಲ್ಲು ಅಲ್ಲಾಡುತ್ತಿರುತ್ತದೆ.

ಅಲ್ಲಾಡುವುದೇಕೆ? ಹಲ್ಲು ಮೂಳೆಗೆ ಮೊಳೆ ಹೊಡೆದಂತೆ ಕೂತಿರುವುದಿಲ್ಲ. ಸಣ್ಣ ಸಣ್ಣ ಎಳೆಗಳು ಅದನ್ನು ಸುತ್ತಲಿಂದಲೂ ಹಿಡಿದಿರುತ್ತವೆ, ಮಗ್ಗದ ಹಾಸು ಹಿಡಿದಂತೆ. ಪಾಚಿ ಕೆಳಕ್ಕೆ ಇಳಿದಂತೆ ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಜೇಬು ಬೀಳುತ್ತದೆ. ಆರೋಗ್ಯವಾದ ವಸಡಿನಲ್ಲಿ ಈ ಸಂದು ಮೂರು ಮಿಲಿಮೀಟರು ದಾಟುವುದಿಲ್ಲ. ಅದಕ್ಕೂ ಆಳವಾದ ಜೇಬಿನೊಳಕ್ಕೆ ಯಾವ ಬ್ರಷ್ಷೂ ಮುಟ್ಟದು. ಒಳಗೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಮೂಳೆ ಕರಗುತ್ತದೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಊತವೆಂಬುದು ತೀರಿಸಬಹುದಾದ ಕೈಸಾಲವಾದರೆ, ಇದು ಮನೆ ಜಪ್ತಿಗೆ ಬಂದ ಸಾಲ.

ಗುರುತಿಸುವ ಬಗೆ

ಈ ಗುರುತುಗಳನ್ನು ನೆನಪಿನಲ್ಲಿಡಿ. ಹಲ್ಲುಜ್ಜುವಾಗ, ಸೇಬು ಸೀಬೆ ಕಚ್ಚಿದಾಗ ರಕ್ತ ಕಾಣುವುದು. ಹಲ್ಲುಗಳ ನಡುವಿನ ವಸಡಿನ ತುದಿ ಊದಿ ಮೆತ್ತಗಾಗುವುದು. ಬಾಯಿ ವಾಸನೆ. ಉಗುರಿನಿಂದ ಹಲ್ಲಿನ ಬುಡವನ್ನು ಕೆರೆದರೆ ಬಿಳಿಯ ಲೋಳೆ ಬರುವುದು. ಇವು ಮೊದಲ ಹಂತದವು. ವಸಡು ಕೆಳಗೆ ಸರಿದು ಹಲ್ಲು ಉದ್ದವಾದಂತೆ ಕಾಣುವುದು, ಹಲ್ಲುಗಳ ನಡುವೆ ಹೊಸ ಸಂದು, ಕೀವು, ಹಲ್ಲು ಅಲ್ಲಾಡುವುದು, ಇವು ಮುಂದಿನ ಹಂತದವು. ಇವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ನಮ್ಮ ಜನರಲ್ಲಿ ಅನೇಕರ ವಸಡಿನ ಬಣ್ಣವೇ ಕಪ್ಪು ಅಥವಾ ಕಂದು. ಅದು ಮೈಬಣ್ಣದಂತೆ ಸಹಜ, ರೋಗವಲ್ಲ. ಆದರೆ ಕಪ್ಪು ವಸಡಿನಲ್ಲಿ ಕೆಂಪು ಸುಲಭವಾಗಿ ಕಾಣದು. ಆದ್ದರಿಂದ ಬಣ್ಣಕ್ಕಿಂತ ರಕ್ತವನ್ನೇ ಗುರುತಾಗಿ ಇಟ್ಟುಕೊಳ್ಳಿ.

ಬೀಡಿ, ಸಿಗರೇಟು ಸೇದುವವರಿಗೆ ಒಂದು ವಿಶೇಷ ಎಚ್ಚರಿಕೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಕಳ್ಳ ಬಂದಾಗ ಬೊಗಳುವ ನಾಯಿಗೆ ಬಾಯಿ ಕಟ್ಟಿದಂತೆ. ಬೀಡಿ ಬಿಟ್ಟ ಮೇಲೆ ಕೆಲವರಿಗೆ ರಕ್ತ ಹೆಚ್ಚಾಗಿ ಕಾಣುತ್ತದೆ. ಬಿಟ್ಟದ್ದರಿಂದ ಕೆಟ್ಟಿತು ಎಂದುಕೊಂಡು ಮತ್ತೆ ಹಚ್ಚಬೇಡಿ. ಕಡ್ಡಿಪುಡಿ, ಗುಟ್ಕಾ, ವಸಡಿಗೆ ಒತ್ತುವ ನಶ್ಯ ಇವೆಲ್ಲ ಬಾಯಿಯ ಕ್ಯಾನ್ಸರಿಗೂ ದಾರಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ ತಡಮಾಡದೆ ತೋರಿಸಬೇಕು. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ಇದಕ್ಕಾಗಿಯೇ ಇದೆ.

ಸಕ್ಕರೆ ಕಾಯಿಲೆಯವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ. ವಸಡು ಕೆಟ್ಟರೆ ಸಕ್ಕರೆಯೂ ಹತೋಟಿ ತಪ್ಪುತ್ತದೆ. ವಸಡಿಗೆ ಚಿಕಿತ್ಸೆಯಾದರೆ ಸಕ್ಕರೆಯ ಹತೋಟಿಗೂ ಸ್ವಲ್ಪ ಸಹಾಯವಾಗುತ್ತದೆ. ಬಸುರಿ ಹೆಣ್ಣುಮಕ್ಕಳಿಗೆ ವಸಡು ಹೆಚ್ಚು ಊದುವುದುಂಟು. ಆಗ ಹಲ್ಲುಜ್ಜುವುದನ್ನು ಬಿಡಬಾರದು, ಡಾಕ್ಟರಿಗೆ ಬಸುರಿ ಎಂದು ಹೇಳಿ ಹಲ್ಲು ಶುಚಿ ಮಾಡಿಸಿಕೊಳ್ಳಬಹುದು. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮುಂತಾದ ಮಾತ್ರೆಗಳಿಂದಲೂ ಕೆಲವರಿಗೆ ವಸಡು ಬೆಳೆಯುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೇ ತಿಳಿಸಿ. ವಸಡಿನಿಂದ ತಾನಾಗಿ ರಕ್ತ ಸುರಿಯುತ್ತ ಜ್ವರವೂ ಇದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ, ಅದು ಹಲ್ಲಿನ ವಿಷಯವಾಗದೆ ಡೆಂಗಿಯೋ ರಕ್ತದ ರೋಗವೋ ಆಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಮಾಡಬೇಕಾದದ್ದು

ಮೊದಲನೆಯದು, ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸಬೇಡಿ. ಬಹಳ ಮಂದಿ ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಪಾಚಿಗೆ ಬೇಕಾದದ್ದೂ ಅದೇ. ಮೆತ್ತನೆಯ ಎಳೆಗಳ ಬ್ರಷ್ಷನ್ನು ಹಲ್ಲೂ ವಸಡೂ ಕೂಡುವ ಗೆರೆಯ ಮೇಲೆ ಓರೆಯಾಗಿಟ್ಟು, ಹಗುರವಾಗಿ, ಪುಟ್ಟ ಪುಟ್ಟ ಸುತ್ತಿನಲ್ಲಿ ಉಜ್ಜಬೇಕು. ಪಾತ್ರೆ ತಿಕ್ಕುವಂತೆ ತಿಕ್ಕಿದರೆ ವಸಡು ಸವೆಯುತ್ತದೆ. ಹೊರಮಗ್ಗುಲು, ಒಳಮಗ್ಗುಲು, ಅಗಿಯುವ ಮೇಲ್ಭಾಗ, ಈ ಕ್ರಮದಲ್ಲಿ ಎರಡು ನಿಮಿಷ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ. ರಾತ್ರಿಯದು ಹೆಚ್ಚು ಮುಖ್ಯ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಪಾಚಿಗೆ ಅನುಕೂಲವಾಗುತ್ತದೆ. ಎಳೆ ಬಾಗಿದ ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಒಬ್ಬರ ಬ್ರಷ್ಷು ಒಬ್ಬರಿಗೇ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಕೆಲಸ ಮಾಡುವುದು ಬ್ರಷ್ಷು, ಜಾಹೀರಾತಿನ ನೊರೆಯಲ್ಲ.

ಎರಡನೆಯದು, ಹಲ್ಲಿನ ಸಂದು. ಬ್ರಷ್ಷು ಅಲ್ಲಿಗೆ ಹೋಗದು, ರೋಗ ಬಹುಪಾಲು ಮೊದಲಾಗುವುದು ಅಲ್ಲಿಯೇ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಹಲ್ಲಿನ ದಾರ, ಅಥವಾ ಸಂದು ದೊಡ್ಡದಿದ್ದರೆ ಸಣ್ಣ ಸಂದಿನ ಬ್ರಷ್ಷು, ದಿನಕ್ಕೊಮ್ಮೆ ಬಳಸಬೇಕು. ಪಿನ್ನು, ಸೂಜಿ, ಬೆಂಕಿಕಡ್ಡಿ ಹಾಕಬೇಡಿ.

ಬೇವಿನ ಕಡ್ಡಿ, ಹೊಂಗೆಯ ಕಡ್ಡಿಗಳನ್ನು ಹಳೆಯದೆಂದು ನಾವು ಹೀಗಳೆಯುವುದಿಲ್ಲ. ತುದಿಯನ್ನು ಚೆನ್ನಾಗಿ ಅಗಿದು ಕುಂಚದಂತೆ ಮಾಡಿ ಹಗುರವಾಗಿ ಉಜ್ಜಿದರೆ ಪಾಚಿ ಹೋಗುತ್ತದೆ. ಆದರೆ ದವಡೆಯ ಒಳಮಗ್ಗುಲಿಗೆ ಅದು ತಲುಪುವುದು ಕಷ್ಟ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಹಳೆ ಮೈಸೂರಿನ ಎಷ್ಟೋ ಮನೆಗಳ ಬಚ್ಚಲಲ್ಲಿತ್ತು. ಯಾವ ಪುಡಿಯೇ ಆಗಲಿ, ಬೆರಳಿಗಿಂತ ಬ್ರಷ್ಷಿನಲ್ಲಿ ಬಳಸುವುದು ಮೇಲು, ಬೆರಳು ಸಂದಿಗೆ ಇಳಿಯದು. ಇಟ್ಟಿಗೆಪುಡಿ, ಇದ್ದಿಲು, ಮರಳುಬೂದಿ ಹಲ್ಲಿನ ಹೊಳಪನ್ನೇ ತೇಯುತ್ತವೆ. ಹೊಗೆಸೊಪ್ಪು ಬೆರೆಸಿದ ಪುಡಿ ಬೇಡವೇ ಬೇಡ. ಬಿಸಿ ಉಪ್ಪುನೀರು ಮುಕ್ಕಳಿಸಿದರೆ ಹಿತವಾಗುತ್ತದೆ, ಪಾಚಿಯನ್ನು ಅದು ಕೀಳಲಾರದು.

ಮೂರನೆಯದು, ಗಾರೆ. ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನ ಸುಣ್ಣಾಂಶವನ್ನು ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಇದನ್ನು ಯಾವ ಬ್ರಷ್ಷೂ ತೆಗೆಯಲಾರದು, ಡಾಕ್ಟರು ಸ್ಕೇಲಿಂಗ್ ಮಾಡಿ ತೆಗೆಯಬೇಕು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಭಯ ನಮ್ಮ ಜನರಲ್ಲಿ ಬಲವಾಗಿದೆ. ವಾಸ್ತವಾಂಶ ಬೇರೆ. ಮೂಳೆಯನ್ನು ರೋಗ ತಿಂದಾಗಿತ್ತು, ಸಂದನ್ನು ಗಾರೆ ಮುಚ್ಚಿತ್ತು. ಬಿರುಕುಬಿಟ್ಟ ಗೋಡೆಗೆ ಅಂಟಿಸಿದ ಕಾಗದ ಕಿತ್ತರೆ ಬಿರುಕು ಕಾಣುತ್ತದೆ, ಬಿರುಕು ಮಾಡಿದ್ದು ಕಾಗದ ಕಿತ್ತವನೆ?

ನಾಲ್ಕನೆಯದು, ಔಷಧದ ಅಂಗಡಿಯ ದಾರಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ನುಂಗಬೇಡಿ. ಪಾಚಿ ಅಲ್ಲಿಯೇ ಇರುವತನಕ ಮಾತ್ರೆಯಿಂದ ವಸಡು ವಾಸಿಯಾಗದು. ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಡಾಕ್ಟರು ಹೇಳಿದಷ್ಟು ದಿನ ಒಳ್ಳೆಯದೇ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಸರಿಯಾಗಿ ಎರಡು ವಾರ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ ಡಾಕ್ಟರನ್ನು ಕಾಣಿರಿ.

ಹೋಗುವುದೆಲ್ಲಿಗೆ?

ಖಾಸಗಿ ಕ್ಲಿನಿಕ್ಕಿನ ಬೋರ್ಡು ನೋಡಿ ಹೆದರಿ ಹಿಂದಿರುಗುವವರು ಬಹಳ. ಕೋಟೆಯಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ, 1958ರಲ್ಲಿ ಸ್ಥಾಪನೆಯಾದ ಸರ್ಕಾರಿ ದಂತ ಕಾಲೇಜು ಇದೆ. ಕೋಣನಕುಂಟೆ ಕ್ರಾಸಿಗೆ 2021ರ ಜನವರಿಯಲ್ಲಿ ಮೆಟ್ರೋ ಬಂದಿತು. ಅಲ್ಲಿ ಹತ್ತಿ, ಬದಲಿಸದೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ಹತ್ತಿರದಲ್ಲೇ ಜೆ.ಪಿ. ನಗರದಲ್ಲಿಯೂ ಕುಮಾರಸ್ವಾಮಿ ಬಡಾವಣೆಯಲ್ಲಿಯೂ ದಂತ ಕಾಲೇಜುಗಳಿವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆಯಾಗುತ್ತದೆ.

ಕಾರ್ಖಾನೆಯ ಕೆಲಸಗಾರರು ಇ.ಎಸ್.ಐ. ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು. ಅದು ದಾನವಲ್ಲ. 2019ರ ಜುಲೈನಿಂದ ನಿಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಅದಕ್ಕೆ ಸಲ್ಲುವಂತೆ ನಿಗದಿಯಾಯಿತು. ತಿಂಗಳು ತಿಂಗಳೂ ಕಟ್ಟಿದ ಹಣ ನಿಮ್ಮದು, ಹಲ್ಲಿಗಾಗಿಯೂ ಅದನ್ನು ಕೇಳುವ ಹಕ್ಕು ನಿಮ್ಮದು.

ವರ್ತಕ ಮಿತ್ರರಿಗೆ ಎರಡು ಮಾತು. 2003ರ ಕಾಯಿದೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿತು, 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಆ ಪೊಟ್ಟಣಗಳ ಲಾಭ ನಾಲ್ಕು ಕಾಸು. ಅದರ ನಷ್ಟ ಬೀಳುವುದು ನಿಮ್ಮ ಗಿರಾಕಿಯ ಬಾಯಿಗೆ, ಎಷ್ಟೋ ವೇಳೆ ನಿಮ್ಮ ಮಗನ ಬಾಯಿಗೇ. ಆ ಸರದ ಜಾಗದಲ್ಲಿ ಮೆತ್ತನೆಯ ಬ್ರಷ್ಷುಗಳನ್ನು ತೂಗುಹಾಕಿ. ಇನ್ನೊಂದು, ಬೆಲೆಯ ವಿಷಯ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಟೂತ್‌ಪೇಸ್ಟು, ಬ್ರಷ್ಷುಗಳ ಮೇಲೆ ಸರ್ಕಾರ ನೂರಕ್ಕೆ 18 ರೂಪಾಯಿ ತೆರಿಗೆ ಎತ್ತುತ್ತಿತ್ತು. ಅಂದಿನಿಂದ ಅದು 5ಕ್ಕೆ ಇಳಿಯಿತು. ಇಳಿದ ತೆರಿಗೆ ಗಿರಾಕಿಗೆ ತಲುಪಲಿ.

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ವಾದಿಸಿದರು. ಸರ್ಕಾರ ಹದಿನೈದಾಣೆ ಎಂದು ಹೇಳಿತು. ಬಡವನ ಬದುಕನ್ನು ಆಣೆ ಪೈಸೆಗಳಲ್ಲಿ ಎಣಿಸಿ ತೋರಿಸುವುದನ್ನು ನಾವು ಅಲ್ಲಿ ಕಲಿತಿದ್ದೇವೆ. ಹಾಗೆಯೇ ಎಣಿಸೋಣ. ಬ್ರಷ್ಷಿನ ಖರ್ಚು ಮೂರು ತಿಂಗಳಿಗೊಮ್ಮೆ ಒಂದು ಊಟದ ಬೆಲೆಗಿಂತ ಕಡಿಮೆ. ಹಲ್ಲು ಕಳೆದುಕೊಂಡು ಕಟ್ಟಿಸಿಕೊಳ್ಳುವ ಖರ್ಚು ಹಲವು ದಿನಗಳ ಕೂಲಿ. ನಮ್ಮ ರಾಜ್ಯ ಸರ್ಕಾರ ಬಿ.ಪಿ.ಎಲ್. ಕುಟುಂಬದ ವೃದ್ಧರಿಗೆ ಹಲ್ಲುಸೆಟ್ಟು ಕೊಡಿಸಲು ದಂತಭಾಗ್ಯ ಎಂಬ ಯೋಜನೆ ತಂದಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎಲ್ಲ ಹಲ್ಲೂ ಬಿದ್ದ ಮೇಲೆ ಬರುವ ಭಾಗ್ಯಕ್ಕಿಂತ, ಬೀಳದಂತೆ ಕಾಯುವ ಹಕ್ಕು ದೊಡ್ಡದಲ್ಲವೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಪ್ರತಿ ಇ.ಎಸ್.ಐ. ಡಿಸ್ಪೆನ್ಸರಿಗೆ ವಾರಕ್ಕೆ ನಿಗದಿಯಾದ ದಿನ ಹಲ್ಲಿನ ಡಾಕ್ಟರು ಬರಬೇಕು. ವರ್ಷಕ್ಕೊಮ್ಮೆ ಸ್ಕೇಲಿಂಗ್ ಮಾಡಿಸಲು ಕಾರ್ಖಾನೆ ಸಂಬಳ ಸಹಿತ ಅರ್ಧ ದಿನ ಬಿಡುವು ಕೊಡಬೇಕು. ಊಟದ ಜಾಗದಲ್ಲಿ ಬಾಯಿ ತೊಳೆಯಲು ಸಾಕಷ್ಟು ನಲ್ಲಿ ಇರಬೇಕು. ತೊಳೆಯುವ ಸೌಕರ್ಯ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ಇವನ್ನು 1948ರ ಕಾರ್ಖಾನೆ ಕಾಯಿದೆಯೇ ಬರೆದಿತ್ತು. ಹಾಗಿರುವಾಗ ನಲ್ಲಿ ಕೇಳುವುದು ಅತಿಯಾಸೆಯೆ? ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಹಲ್ಲು ವಸಡುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಓಸ್ಲೋದ ಮಕ್ಕಳಿಗೆ ಸಿಕ್ಕಿದ್ದು ಕೋಣನಕುಂಟೆಯ ಮಕ್ಕಳಿಗೇಕೆ ಸಿಕ್ಕಬಾರದು?

ಬೇಡಿಕೆ ಈಡೇರುವತನಕ ಪಾಚಿ ಕಾಯುವುದಿಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಸಂಘಟನೆಯಿಂದ ಮಾಡಿಸೋಣ. ನಮ್ಮ ಕೈಯಲ್ಲಿರುವ ಎರಡು ನಿಮಿಷದ ಕೆಲಸವನ್ನು ಇಂದು ರಾತ್ರಿಯೇ ಮೊದಲು ಮಾಡೋಣ. ಉಗುಳಿದ ನೀರಿನಲ್ಲಿ ಕೆಂಪು ಕಂಡರೆ ನೀರು ಹುಯ್ದು ಮರೆಯಬೇಡಿ. ಹದಿನಾಲ್ಕು ದಿನ ಎಣಿಸಿ. ನಿಲ್ಲದಿದ್ದರೆ ನಮ್ಮ ಶಾಖೆಗೆ ಬನ್ನಿ, ದಂತ ಕಾಲೇಜಿಗೆ ಜೊತೆಯಲ್ಲಿ ಹೋಗೋಣ.